ಈಸ್ಟ್ ಬ್ರಾಡ್‌ವೇಯ ಪತ್ರಿಕಾಮಂದಿರ

ನ್ಯೂಯಾರ್ಕು ನಗರವನ್ನು ನೋಡಹೋದವರು ಅಲ್ಲಿನ ಮುಗಿಲುಮುಟ್ಟುವ ಸೌಧಗಳನ್ನು ಕಂಡು ಬೆರಗಾಗುವುದು ಸಹಜವೇ. ಆದರೆ ಮ್ಯಾನ್‌ಹಟನ್ ದ್ವೀಪದ ದಕ್ಷಿಣಭಾಗದಲ್ಲಿ, ಈಸ್ಟ್ ಬ್ರಾಡ್‌ವೇ ಎಂಬ ಬೀದಿಯಲ್ಲಿ, ಸೀವರ್ಡ್ ಉದ್ಯಾನದೆದುರಿಗೆ ನಿಂತಿರುವ ಹತ್ತು ಅಂತಸ್ತಿನ ಕಟ್ಟಡವೊಂದನ್ನು ಅರಸಿಕೊಂಡು ಹೋಗುವವರು ವಿರಳ. ಅದರ ನೆತ್ತಿಯಲ್ಲಿ ದೊಡ್ಡದೊಂದು ಗಡಿಯಾರವಿದೆ. ಬಾಗಿಲಿನ ಮೇಲ್ಗಡೆ ಮಾರ್ಕ್ಸ್, ಎಂಗೆಲ್ಸ್ ಮೊದಲಾದವರ ಮುಖಗಳನ್ನು ಕೆತ್ತಿದ್ದಾರೆ. 1912ರಲ್ಲಿ ಕಟ್ಟಿದ ಈ ಮಂದಿರವು ಅರಸರದಲ್ಲ, ವರ್ತಕರದೂ ಅಲ್ಲ. ವಲಸೆ ಬಂದ ಬಡವರ ಒಂದು ವೃತ್ತಪತ್ರಿಕೆಯದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರಷ್ಯಾ ಚಕ್ರಾಧಿಪತ್ಯದ ಹಿಂಸೆಗೂ ದಾರಿದ್ರ್ಯಕ್ಕೂ ಬೆದರಿ ಲಕ್ಷಾಂತರ ಯೆಹೂದ್ಯರು ಅಮೇರಿಕೆಗೆ ಬಂದರು. ಇಲ್ಲಿನ ಇಕ್ಕಟ್ಟಾದ ಮನೆಗಳಲ್ಲಿ ಸಂಸಾರ ಹೂಡಿ, ಉಡುಪು ಹೊಲಿಯುವ ಕಾರ್ಖಾನೆಗಳಲ್ಲಿ ದುಡಿದರು. ಅವರ ಮನೆಮಾತು ಯಿದ್ದಿಷ್, ಇಂಗ್ಲಿಷು ಬಾರದು. ಇಂಥವರಿಗಾಗಿ 1897ರಲ್ಲಿ ಹುಟ್ಟಿದ್ದೇ “ಫೋರ್ವರ್ಟ್ಸ್” ಪತ್ರಿಕೆ. ಅದನ್ನು ಬೆಳೆಸಿದ ಸಂಪಾದಕರಾದ ಅಬ್ರಹಾಂ ಕಾಹಾನರು ತಾವೂ 1882ರಲ್ಲಿ ವಲಸೆ ಬಂದವರೇ.

ಗೃಹಿಣಿಯರು ಮೊದಲು ತೆರೆಯುತ್ತಿದ್ದುದು “ಬಿಂಟೆಲ್ ಬ್ರೀಫ್”, ಎಂದರೆ ಓಲೆಗಳ ಕಟ್ಟು, ಎಂಬ ಅಂಕಣವನ್ನೆಂದರೆ ತಪ್ಪಾಗಲಾರದು. 1906ರಲ್ಲಿ ಆರಂಭವಾದ ಇದರಲ್ಲಿ ವಾಚಕರು ತಮ್ಮ ಕಷ್ಟಗಳನ್ನು ತೋಡಿಕೊಳ್ಳುತ್ತಿದ್ದರು. ಸಂಪಾದಕರು ಉತ್ತರ ಕೊಡುತ್ತಿದ್ದರು. ಮದುವೆಯ ತೊಡಕು, ಮಕ್ಕಳ ಅವಿಧೇಯತೆ, ಕೆಲಸ ಸಿಗದ ಸಂಕಟ, ಎಲ್ಲಕ್ಕೂ ಅಲ್ಲಿ ಎಡೆಯಿತ್ತು. ಹೆಂಡಿರುಮಕ್ಕಳನ್ನು ತೊರೆದು ಓಡಿಹೋದ ಗಂಡಂದಿರ ಭಾವಚಿತ್ರಗಳನ್ನೂ ಪತ್ರಿಕೆ ಅಚ್ಚುಹಾಕುತ್ತಿತ್ತು. ಪರದೇಶದಲ್ಲಿ ದಿಕ್ಕುಗೆಟ್ಟ ಹೆಂಗಸಿಗೆ ಊರ ಹಿರಿಯರಿಲ್ಲ, ತವರಿಲ್ಲ. ಆ ಹಾಳೆಯೇ ಅವಳ ಪಂಚಾಯಿತಿ.

ಹೊಸನಾಡಿನ ರೀತಿನೀತಿಗಳನ್ನೂ ಅದು ಕಲಿಸಿತು. 1909ರಲ್ಲಿ ಬೇಸ್‌ಬಾಲ್ ಆಟವನ್ನು ನಕ್ಷೆಸಮೇತ ವಿವರಿಸಿತು! 1920ರ ದಶಕದಲ್ಲಿ ಎರಡು ಲಕ್ಷಕ್ಕೂ ಮೀರಿದ ಪ್ರತಿಗಳು ಮಾರಾಟವಾಗುತ್ತಿದ್ದವು. 1932ರಲ್ಲಿ ಒಂದು ರೇಡಿಯೋ ನಿಲಯವನ್ನೂ ಪತ್ರಿಕೆಯವರು ಕೊಂಡರು. 1978ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಐಸಾಕ್ ಬಾಷೆವಿಸ್ ಸಿಂಗರರ ಕಥೆಗಳು ಈ ಪುಟಗಳಲ್ಲಿಯೇ ಬೆಳಕು ಕಂಡವು.

ಆದರೆ 1924ರ ಕಾನೂನು ವಲಸೆಯ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಯೂರೋಪಿನಲ್ಲಿ ಆ ಭಾಷೆಯನ್ನಾಡುತ್ತಿದ್ದ ಅಸಂಖ್ಯ ಜನರು ಹಿಟ್ಲರನ ಕಾಲದಲ್ಲಿ ಹತರಾದರು. ಅಮೇರಿಕೆಯಲ್ಲಿ ಹುಟ್ಟಿದ ಮಕ್ಕಳು ಇಂಗ್ಲಿಷನ್ನೇ ಹಿಡಿದರು. ದಿನಪತ್ರಿಕೆಯು 1983ರಲ್ಲಿ ವಾರಪತ್ರಿಕೆಯಾಯಿತು. 2019ರಲ್ಲಿ ಮುದ್ರಣವೇ ನಿಂತು, ಈಗ ಅಂತರ್ಜಾಲದಲ್ಲಿ ಮಾತ್ರ ಉಳಿದಿದೆ. ಮಂದಿರವೂ ಅನುಕೂಲಸ್ಥರ ವಾಸದ ಮನೆಗಳಾಗಿದೆ.

ತನ್ನ ಓದುಗರನ್ನು ಹೊಸನಾಡಿಗೆ ಒಗ್ಗಿಸಿದ ಪತ್ರಿಕೆಯು ಆ ಕಾರ್ಯದಿಂದಲೇ ಓದುಗರನ್ನು ಕಳೆದುಕೊಂಡಿತು. ಇದನ್ನು ಸೋಲೆನ್ನೋಣವೇ? ಮಗುವಿಗೆ ನಡೆಯಲು ಕಲಿಸಿದ ತಾಯಿ, ಅದು ಹೊಸ್ತಿಲು ದಾಟಿತೆಂದು ನೊಂದರೂ ಕಲಿಸಿದ್ದಕ್ಕಾಗಿ ಪಶ್ಚಾತ್ತಾಪಪಡಲಾರಳು.