ಚೌಡಾಪುರದ ತಿರುವು, ಕವರ್ ಆಟಗಾರನ ತಿರುವು

ಕಲಬುರಗಿಯಿಂದ ಗಾಣಗಾಪುರದ ದತ್ತನ ದರ್ಶನಕ್ಕೆ ಹೊರಟವರಿಗೆ ಚೌಡಾಪುರ ಅಂದ್ರೆ ಬಸ್ಸು ತಿರುಗೋ ಜಾಗ, ಅಷ್ಟೇ. ಅಫಜಲಪುರದ ರಸ್ತೆ ಬಿಟ್ಟು ಇಲ್ಲಿ ಹೊರಳಿದರೆ ಮುಂದೆ ದೇವಸ್ಥಾನ, ಅದರಾಚೆ ಭೀಮಾ–ಅಮರ್ಜಾ ಸಂಗಮ. ಸುತ್ತ ಎರೆಭೂಮಿ, ತೊಗರಿ ಹೊಲ. 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು ಈ ಜಿಲ್ಲೆಯ ತೊಗರಿಬೇಳೆಗೇ.

ಈ ಸೀಮೆಯ ಕಾಲೇಜು ಹುಡುಗನಿಗೂ ಇಂಥದ್ದೇ ಒಂದು ತಿರುವು ಬರುತ್ತೆ. ಅವನು ಕಬಡ್ಡಿ ಆಡುತ್ತಾನೆ, ಅದೂ ಕವರ್‌ನಲ್ಲಿ ಅಂದುಕೊಳ್ಳಿ. ರೇಡರ್‌ಗೆ ಪಾಯಿಂಟ್, ಚಪ್ಪಾಳೆ ಎರಡೂ ಸಿಗುತ್ತವೆ. ಕಾರ್ನರ್‌ನವನು ಕಾಲು ಹಿಡಿದರೆ ಫೋಟೊ ಬರುತ್ತೆ. ಕವರ್‌ನವನ ಕೆಲಸ ಬೇರೆ: ಪಕ್ಕದವನ ಕೈಹಿಡಿದು ಚೈನ್ ಕಟ್ಟೋದು, ರೇಡರ್ ಗೆರೆ ಕಡೆ ಓಡೋ ಹೊತ್ತಿಗೆ ಮೈ ಅಡ್ಡ ಹಾಕೋದು. ರೇಡರ್‌ಗಿರೋದು 30 ಸೆಕೆಂಡು, ಅಷ್ಟರಲ್ಲೇ ಎಲ್ಲ ನಡೀಬೇಕು.

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ‘ಟೈಟ್ ಎಂಡ್’ ಅನ್ನೋ ಆಟಗಾರ ಇವನ ದೂರದ ನೆಂಟ. ಒಮ್ಮೆ ಎದುರಾಳಿಯನ್ನ ತಡೀತಾನೆ, ಇನ್ನೊಮ್ಮೆ ತಾನೇ ಚೆಂಡು ಹಿಡಿದು ಓಡ್ತಾನೆ. ತಡೆದದ್ದನ್ನ ಸ್ಕೋರ್‌ಬೋರ್ಡ್ ತೋರಿಸೋದೇ ಇಲ್ಲ. ಅಲ್ಲಿ ಸ್ಕಾಲರ್‌ಶಿಪ್ ಇದೆ, ತುಂಬಿದ ಸ್ಟೇಡಿಯಂ ಇದೆ. ಆದರೂ ಕಾಲೇಜು ಮುಗಿಸಿ ವೃತ್ತಿಪರ ಲೀಗ್ ಸೇರೋರು ನೂರಕ್ಕೆ ಇಬ್ಬರೂ ಇಲ್ಲ.

ನಮ್ಮ ಕಡೆ ದಾರಿ ಹೀಗಿದೆ: ಮೊದಲು ಅಂತರ್‌ಕಾಲೇಜು ಪಂದ್ಯ, ಆಯ್ಕೆಯಾದರೆ ವಿಶ್ವವಿದ್ಯಾಲಯದ ತಂಡ, ಅಲ್ಲಿಂದ ಅಂತರ್‌ವಿಶ್ವವಿದ್ಯಾಲಯ ಕೂಟ. ಡಿಗ್ರಿ ಮುಗಿದ ಮೇಲೆ? ಕ್ರೀಡಾ ಕೋಟಾದಲ್ಲಿ ಪೊಲೀಸ್ ಇಲ್ಲವೇ ರೈಲ್ವೆ ಕೆಲಸ, ಅದೃಷ್ಟವಿದ್ದರೆ 2014ರಲ್ಲಿ ಶುರುವಾದ ಪ್ರೊ ಕಬಡ್ಡಿ. ಉಳಿದವರಿಗೆ ಹೊಲ, ಅಂಗಡಿ, ಇಲ್ಲಾ ಬೆಂಗಳೂರಿನ ಬಸ್ಸು.

ಆಟದ ದಿನ ಮುಗಿದರೆ ದಾರಿ ಮುಗಿಯಿತು ಅಂತಲ್ಲ. ಕರ್ನಾಟಕದ ಬಿ.ಸಿ. ರಮೇಶ್ ಅವರನ್ನೇ ನೋಡಿ. 2001ರ ಅರ್ಜುನ ಪ್ರಶಸ್ತಿ ಪಡೆದ ಅವರು ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಪ್ರೊ ಕಬಡ್ಡಿ ಕಪ್ ತಂದುಕೊಟ್ಟರು. ಎಲ್ಲರೂ ರಮೇಶ್ ಆಗಲ್ಲ, ನಿಜ. ಆದರೆ ಹತ್ತಿರದ ಹೈಸ್ಕೂಲ್ ಹುಡುಗರಿಗೆ ಸಂಜೆ ಚೈನ್ ಕಟ್ಟೋದು ಕಲಿಸೋಕೆ ಅರ್ಜುನ ಪ್ರಶಸ್ತಿ ಬೇಕಿಲ್ಲ.

ನಿಮ್ಮ ಆಫೀಸಿನಲ್ಲೂ ಕಾಲೇಜಿನಲ್ಲಿ ಕವರ್ ಆಡಿದವರೊಬ್ಬರು ಇರಬಹುದು. ಎಷ್ಟು ಪಾಯಿಂಟ್ ಮಾಡಿದ್ರಿ ಅಂತ ಕೇಳಬೇಡಿ. ಎಷ್ಟು ಜನರನ್ನ ತಡೆದ್ರಿ ಅಂತ ಕೇಳಿ, ಮಾತು ತಾನಾಗೇ ಬೆಳೆಯುತ್ತೆ.