ಚರಕದ ಶೆಡ್ಡು ಇದ್ದ ಜಾಗ

ತಮ್ಮನ ಮಗ ಸೈಟು ಮಾರುವ ಕೆಲಸಕ್ಕೆ ಸೇರಿಕೊಂಡಿದ್ದಾನೆ. ತಾಳವಾಡಿಯ ಅಂಚಿನಲ್ಲಿ, ಹಿಂದೆ ರೇಷ್ಮೆಯ ಹುಳಸೊಪ್ಪಿನ ತೋಟವಿದ್ದ ನೆಲದಲ್ಲಿ, ಕಲ್ಲು ನೆಟ್ಟು ಸುಣ್ಣ ಬಳಿದು ಲೇಔಟ್ ಮಾಡಿದ್ದಾರೆ. ಅದಕ್ಕೊಂದು ಕಮಾನು ಬೇಕೆಂದು ಮೂಲೆಯಲ್ಲಿದ್ದ ನಾಡಹೆಂಚಿನ ಶೆಡ್ಡನ್ನು ಕೆಡವಿದರು. ಜೆಸಿಬಿಗೆ ಅರ್ಧ ಗಂಟೆಯ ಕೆಲಸ. ಹುಡುಗ ಆವತ್ತು ಸಂಜೆ ಕರಪತ್ರಕ್ಕೆ ಮಾತು ಹೊಂದಿಸುತ್ತಾ ಕೂತಿದ್ದ. ಕೊಯಮತ್ತೂರು, ತಿರುಪ್ಪೂರಿನ ಜನ ಓದಿ ದುಡ್ಡು ಹಾಕಬೇಕು. ಮನೆ ಏಳಬೇಕು, ಅಂಗಡಿ ಬರಬೇಕು, ಕಂಪನಿ ಬರಬೇಕು. "ದೊಡ್ಡಪ್ಪ, ನಮ್ಮೂರಲ್ಲಿ ಹಿಂದೆ ಫ್ಯಾಕ್ಟರಿ ಅಂತ ಏನಾದ್ರೂ ಇತ್ತಾ? ಒಂದು ಸಾಲು ಹಾಕಬೇಕು" ಎಂದ. ಕೆಡವಿದ ಶೆಡ್ಡು ಏನಾಗಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಕಂದಾಯದ ಅಡಂಗಲ್ ದಾಖಲೆ ತೆಗೆಸಿ ನೋಡಿದರೂ ಗೊತ್ತಾಗುವುದಿಲ್ಲ. ಅದರಲ್ಲಿ ಪುಂಜೆ, ಅಂದರೆ ಖುಷ್ಕಿ ನೆಲ, ಎಂದಷ್ಟೇ ಇರುತ್ತದೆ. ಆದ್ದರಿಂದ ನನ್ನ ನೆನಪಿನಲ್ಲಿ ಇರುವುದನ್ನು ಬರೆಯುತ್ತಿದ್ದೇನೆ.

ಅದು ರೇಷ್ಮೆ ಬಿಚ್ಚುವ ಶೆಡ್ಡು. ಒಳಗೆ ನಾಲ್ಕಾರು ಚರಕ, ಪ್ರತಿಯೊಂದರ ಮುಂದೆ ಒಂದು ಮಣ್ಣಿನ ಒಲೆ, ಒಲೆಯ ಮೇಲೆ ಕುದಿನೀರಿನ ಪಾತ್ರೆ. ಹೊರಗೆ ಸೌದೆ. ಹಿಂದುಗಡೆ ಒಣಹಾಕಿದ ಹುಳ. ಆ ನಾತ ಈಗಿನ ಮಕ್ಕಳಿಗೆ ಹೇಗೆ ಹೇಳಲಿ? ಬೆಂದ ಹುಳದ ವಾಸನೆ ಬಟ್ಟೆಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಪಕ್ಕದವನು ಸರಿದು ಕೂರುತ್ತಿದ್ದ. ಹೊಸಬರು ಮೂಗು ಮುಚ್ಚಿಕೊಂಡು ಆ ಬೀದಿ ದಾಟುತ್ತಿದ್ದರು. ನಮ್ಮ ಅವ್ವ ಮಾತ್ರ ಗಾಳಿಯಲ್ಲಿ ಆ ನಾತ ಬಂದರೆ, "ಚರಕ ಓಡ್ತಾ ಅದೆ, ಗೂಡಿಗೆ ರೇಟು ಸಿಕ್ಕದೆ ಇರಕಿಲ್ಲ" ಅನ್ನೋಳು. ಎಲ್ಲೋ ಒಮ್ಮೊಮ್ಮೆ ಸಂತೇಮರಹಳ್ಳಿ, ಮಾಂಬಳ್ಳಿ ಕಡೆ ಹೋದಾಗ ಅದೇ ವಾಸನೆ ಮೂಗಿಗೆ ಬಡಿದರೆ ನನ್ನ ಹೊಟ್ಟೆಯೊಳಗೆ ಏನೋ ಕಲಕುತ್ತದೆ, ಹಿತವೂ ಹೌದು, ಸಂಕಟವೂ ಹೌದು.

ಹೊರಗಿನವರಿಗೆ ನಮ್ಮ ಊರಿನ ಸ್ಥಿತಿ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ತಮಿಳುನಾಡಿನ ಈರೋಡ್ ಜಿಲ್ಲೆ. ಆದರೆ ಜಿಲ್ಲೆಯ ಉಳಿದ ಬಹುಭಾಗ ಘಾಟಿಯ ಕೆಳಗೆ. ದಿಂಬಂನಿಂದ ಬಣ್ಣಾರಿಗೆ 27 ತಿರುವು ಇಳಿದರೆ ಮಾತ್ರ ಸತ್ಯಮಂಗಲ. ಚಾಮರಾಜನಗರ ಪಕ್ಕದಲ್ಲೇ ಇದೆ. ಆಡುವ ಮಾತು ಕನ್ನಡ, ಹೆಣ್ಣು ಕೊಟ್ಟು ತರುವುದು ಆ ಕಡೆಯೇ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವೂ ನಾವೂ ಒಂದೇ ಕೊಯಮತ್ತೂರು ಜಿಲ್ಲೆ. ಮದ್ರಾಸ್ ಸೀಮೆಯ ರೇಷ್ಮೆಯೆಂದರೆ ಮುಖ್ಯವಾಗಿ ಕೊಳ್ಳೇಗಾಲ. ರಾಜ್ಯ ಹಂಚುವಾಗ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಾವು ಇಲ್ಲೇ ಉಳಿದೆವು. ಹುಳ ಸಾಕುವವರು ಈ ಕಡೆ, ಬಿಚ್ಚುವವರು, ನೇಯುವವರು, ಕೊಳ್ಳುವವರು ಆ ಕಡೆ. ನಮ್ಮ ಅಪ್ಪನ ಕಾಲದವರು ಗಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗೂಡಿನ ಮೂಟೆ ಗಾಡಿಗೆ ಹಾಕಿ ಮೊದಲು ಎಲ್ಲಿಗೆ ಹೋಗುತ್ತಿದ್ದರೋ ಅಲ್ಲಿಗೇ ಹೋದರು. ಆದರೆ ಕಾರ್ಖಾನೆಗೆ, ಸಾಲಕ್ಕೆ, ಮಾರುಕಟ್ಟೆಗೆ ಅರ್ಜಿ ಹಾಕುವವನು ಘಾಟಿ ಇಳಿದು ಗೋಬಿಚೆಟ್ಟಿಪಾಳ್ಯಕ್ಕೋ, ಮುಂದೆ ಈರೋಡಿಗೋ ಹೋಗಬೇಕಾಯಿತು. ಅಲ್ಲಿ ನಮ್ಮ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಹುಳ ಸಾಕುವವರಿಗೂ ಬಿಚ್ಚುವವರಿಗೂ ನಡುವೆ ಇದ್ದ ಕೊಂಡಿ ಅಲ್ಲೇ ಕಳಚಿತೆಂದು ನನ್ನ ಎಣಿಕೆ.

ಕಳಚಿದ ಕೊಂಡಿಯನ್ನು ಒಬ್ಬ ಮನುಷ್ಯ ಸ್ವಲ್ಪ ಕಾಲ ಹಿಡಿದುಕೊಂಡಿದ್ದ. ಕೊಳ್ಳೇಗಾಲದ ಕಡೆಯಿಂದ ಬಂದ ಸಾಯಬರು. ಗೂಡು ಅಷ್ಟು ದೂರ ಬರುವ ಬದಲು ಚರಕವೇ ಗೂಡಿನ ಹತ್ತಿರ ಬರಲಿ ಎಂದು ಆ ಶೆಡ್ಡು ಕಟ್ಟಿಸಿದವರು ಅವರೇ. ಈಗ ಎಲ್ಲರೂ ಬಾಯಲ್ಲಿ ಹೇಳುವ ಕೈಗಾರಿಕೆಯನ್ನು ನಮ್ಮೂರಿಗೆ ತಂದವರು ಅವರು. ಯಾರೂ ಅವರಿಗೆ ರಿಯಾಯಿತಿ ಕೊಡಲಿಲ್ಲ, ಕಮಾನು ಕಟ್ಟಲಿಲ್ಲ.

ಅವರ ಕೈಯನ್ನು ನಾನು ಮರೆಯಲಾರೆ. ಬೆರಳ ತುದಿಯ ಚರ್ಮ ಸುಲಿದು, ಮತ್ತೆ ಬೆಳೆದು, ಮತ್ತೆ ಸುಲಿದು ಬೆಳ್ಳಗೆ ಗಟ್ಟಿಯಾಗಿತ್ತು. ಕುದಿನೀರಿನಲ್ಲಿ ತೇಲುವ ಗೂಡುಗಳ ಮೇಲೆ ಸಣ್ಣ ಕಡ್ಡಿಪೊರಕೆ ಆಡಿಸಿ, ಕೈ ಅದ್ದಿ, ಒಂದೇ ಎಳೆತಕ್ಕೆ ಎಲ್ಲದರ ತುದಿಯನ್ನೂ ಮೇಲಕ್ಕೆತ್ತುತ್ತಿದ್ದರು. ಹತ್ತು ಹದಿನೈದು ಗೂಡಿನ ಎಳೆ ಸೇರಿದರೆ ಒಂದು ನೂಲು. ಒಂದೊಂದು ಗೂಡಿನಲ್ಲೂ ಅರ್ಧ ಕಿಲೋಮೀಟರಿಗೂ ಉದ್ದದ ಎಳೆ ಇರುತ್ತದೆ. ಗೂಡು ತೀರುತ್ತಾ ಬಂದ ಹಾಗೆ ಎಳೆ ತೆಳ್ಳಗಾಗುತ್ತದೆ. ಅಷ್ಟರಲ್ಲಿ ಹೊಸ ಗೂಡು ಎಸೆದು ಸೇರಿಸದಿದ್ದರೆ ನೂಲು ಸಣ್ಣದಾಯಿತು, ಮಗ್ಗದಲ್ಲಿ ಹರಿಯಿತು ಎಂದೇ ಅರ್ಥ. ಸಾಯಬರು ಅದನ್ನು ಕಣ್ಣಲ್ಲಿ ನೋಡುತ್ತಿರಲಿಲ್ಲ. ಮಾತಾಡುತ್ತಾ, ಬೀಡಿ ಸೇದುತ್ತಾ, ಹೆಬ್ಬೆರಳು ತೋರುಬೆರಳ ನಡುವೆ ಹಾದು ಹೋಗುವ ನೂಲಿನಲ್ಲೇ ತಿಳಿಯುತ್ತಿದ್ದರು. ನಮಗೆ ಕಲಿಸಿ ಎಂದರೆ, "ನೋಡೂದಲ್ಲ ಮಗಾ, ಮುಟ್ಟು" ಅನ್ನುತ್ತಿದ್ದರು. ಗೂಡು ಕೊಳ್ಳುವಾಗಲೂ ಅಷ್ಟೇ. ಮೂಟೆಯ ಮೇಲಿನದನ್ನು ಮುಟ್ಟುತ್ತಿರಲಿಲ್ಲ. ತಳದಿಂದ ಒಂದು ಹಿಡಿ ತೆಗೆದು, ಹೆಬ್ಬೆರಳಲ್ಲಿ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತಿದ್ದರು.

ಗೂಡಿನ ವ್ಯಾಪಾರದ ಕಷ್ಟ ಹುಳ ಸಾಕಿದವರಿಗೇ ಗೊತ್ತು. ರಾಗಿಯನ್ನು ಹಗೇವಿಗೆ ಹಾಕಿ ಬೆಲೆ ಬರುವವರೆಗೆ ಕಾಯಬಹುದು. ಗೂಡನ್ನು ಕಾಯುವ ಹಾಗಿಲ್ಲ. ಹುಳ ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟ ಐದಾರು ದಿನಕ್ಕೆ ಬಿಡಿಸಬೇಕು, ಬಿಡಿಸಿದ ಮೇಲೆ ನಾಲ್ಕು ದಿನ ತಡವಾದರೆ ಚಿಟ್ಟೆ ಗೂಡು ಕೊರೆದು ಹೊರಗೆ ಬರುತ್ತದೆ. ಕೊರೆದ ಗೂಡಿಗೆ ಬೆಲೆಯಿಲ್ಲ. ಕೊಳ್ಳುವವನಿಗೆ ಇದು ಚೆನ್ನಾಗಿ ತಿಳಿದಿತ್ತು. ಒಂದು ಮಳೆಗಾಲ, ನಾನು ಆರನೇ ಕ್ಲಾಸೋ ಏಳೋ, ಮಳೆ ಹಿಡಿದು ಬಿಡಲೇ ಇಲ್ಲ. ಗಾಡಿ ಹೋಗುವ ಹಾಗಿರಲಿಲ್ಲ. ಒಬ್ಬ ದಲ್ಲಾಳಿ ಬಂದು ಅಪ್ಪನ ಕೈಯನ್ನು ಟವೆಲಿನ ಕೆಳಗೆ ಹಿಡಿದ. ಆಗೆಲ್ಲ ಬಾಯಲ್ಲಿ ಬೆಲೆ ಹೇಳುತ್ತಿರಲಿಲ್ಲ. ಬೆರಳು ಹಿಡಿದಷ್ಟು ಅಂಕಿ, ಅಂಗೈ ಪೂರಾ ಹಿಡಿದರೆ ಐದು. ಅಪ್ಪನ ಮುಖ ನೋಡಿ ನಾನು ಬೆಲೆ ಊಹಿಸುತ್ತಿದ್ದೆ. ಆವತ್ತು ಅಪ್ಪ ಕೈ ಕಿತ್ತುಕೊಂಡು ಎದ್ದು ಹೋಗಿ ಕೊಟ್ಟಿಗೆಯಲ್ಲಿ ನಿಂತುಬಿಟ್ಟರು. ದಲ್ಲಾಳಿ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕಾದ, ನಾಳೆ ಇನ್ನೂ ಇಳಿಯುತ್ತದೆಂದು ಅವನಿಗೆ ಗೊತ್ತಿತ್ತು.

ಸಾಯಬರು ಗೋಣಿಚೀಲ ತಲೆಗೆ ಹಾಕಿಕೊಂಡು ಬಂದರು. ತಳದಿಂದ ಹಿಡಿ ತೆಗೆದರು, ಒತ್ತಿದರು, ಅಲ್ಲಾಡಿಸಿದರು. ಟವೆಲು ಹಾಕಿ ಅಪ್ಪನ ಕೈ ಹಿಡಿದವರು ಬಹಳ ಹೊತ್ತು ಬಿಡಲಿಲ್ಲ. ಮಳೆ ಹಿಡಿಯುವ ಮೊದಲಿನ ಬೆಲೆಯನ್ನೇ ಕೊಟ್ಟಿದ್ದರು. "ಮಳೆ ಬಂದದ್ದು ಗೂಡಿನ ತಪ್ಪಾ ಗೌಡ್ರೆ?" ಅಂದರು, ಅಷ್ಟೇ. ಆದರೆ ಸತ್ಯ ಹೇಳಬೇಕು: ದುಡ್ಡು ಕೈಗೆ ಬಂದದ್ದು ದೀಪಾವಳಿ ಮುಗಿದು, ಗುಮಟಾಪುರದ ಗೊರೆ ಹಬ್ಬವೂ ಕಳೆದ ಮೇಲೆ. ಆ ನಡುವೆ ಅವ್ವನ ಓಲೆ ಅಡವಿಗೆ ಹೋಗಿತ್ತು. ಸಾಯಬರಿಗೂ ಅವರ ನೂಲಿನ ದುಡ್ಡು ತಡವಾಗಿಯೇ ಬರುತ್ತಿತ್ತು.

ಇನ್ನೂ ಕೆಲವು ಸತ್ಯಗಳಿವೆ, ಅವನ್ನು ಬಿಟ್ಟರೆ ಈ ಬರಹಕ್ಕೆ ಬೆಲೆಯಿಲ್ಲ. ಚರಕ ತಿರುಗಿಸುತ್ತಿದ್ದವರು ಮಕ್ಕಳು. ನನ್ನ ಜೊತೆ ಓದುತ್ತಿದ್ದ ಇಬ್ಬರು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಅಲ್ಲಿ ಸೇರಿದರು. ಬೆಳಗಿನಿಂದ ಸಂಜೆಯವರೆಗೆ ಹೊಗೆಯೊಳಗೆ. ಒಬ್ಬನಿಗೆ ಜೀವಮಾನವಿಡೀ ಕೆಮ್ಮು ಹೋಗಲಿಲ್ಲ. ಊರಿನ ಯಾರ ಮಕ್ಕಳು ಚರಕಕ್ಕೆ ಹೋದರು, ಯಾರ ಮಕ್ಕಳು ಹೋಗಲಿಲ್ಲ ಎಂಬುದು ಜಾತಿಯ ಪ್ರಕಾರವೇ ಇತ್ತು. ಒಲೆಗೆ ಸೌದೆ ಕಾಡಿನದು, ಸೋಲಿಗರ ಹೆಂಗಸರು ತಲೆಹೊರೆಯಲ್ಲಿ ತಂದದ್ದು. ಅವರಿಗೆ ಕೊಟ್ಟ ಕಾಸು ಈಗ ಹೇಳಲು ನಾಚಿಕೆಯಾಗುತ್ತದೆ. ಹಾಗೆಯೇ ನಡೆಯಬೇಕಿತ್ತೆಂದು ನಾನು ಹೇಳುವುದಿಲ್ಲ. ಅದನ್ನು ಸರಿಪಡಿಸಿ ಉಳಿಸಿಕೊಳ್ಳುವ ದಾರಿ ಇತ್ತು ಎನ್ನುವುದಷ್ಟೇ ನನ್ನ ಮಾತು. ಬೇರೆ ಕಡೆ ಉಳಿಸಿಕೊಂಡರು.

ನಮ್ಮಲ್ಲಿ ಅದು ಒಂದೇ ಏಟಿಗೆ ಹೋಗಲಿಲ್ಲ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂತು, ಅದಕ್ಕೆ ಗಡಿ ಗೊತ್ತಿಲ್ಲವಲ್ಲ. ಹುಳದ ಮೈಮೇಲೆ ಕಪ್ಪು ಚುಕ್ಕೆ ಕಂಡರೆ ಮನೆಯಲ್ಲಿ ಸೂತಕ. ಸಾಯಬರಿಗೆ ವಯಸ್ಸಾಯಿತು, ಮಕ್ಕಳು ಈ ಕಸುಬು ಬೇಡವೆಂದರು. ಆಮೇಲೆ ವೀರಪ್ಪನ್ ಕಾಲ. ಕತ್ತಲಾದ ಮೇಲೆ ರಸ್ತೆಯಲ್ಲಿ ಗಾಡಿ ಇಲ್ಲ. ದಾರಿಯ ತಪಾಸಣೆಯಲ್ಲಿ ಗೂಡಿನ ಮೂಟೆಗೆ ಕೋಲು ಚುಚ್ಚಿ ನೋಡುತ್ತಿದ್ದರು. ಚುಚ್ಚಿದ ಗೂಡು ಬಿಚ್ಚಲು ಬರುವುದಿಲ್ಲ. 2000ದ ಜುಲೈ 30ರ ರಾತ್ರಿ ನಮ್ಮ ಪಕ್ಕದ ದೊಡ್ಡ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದರು. ಹೊಸ ಮನೆಯ ಗೃಹಪ್ರವೇಶಕ್ಕೆಂದು ಹುಟ್ಟಿದ ಸೀಮೆಗೆ ಬಂದಿದ್ದವರು. 108 ದಿನ ಕಾಡಿನಲ್ಲಿದ್ದು ಅವರು ಬಂದರು, ನಮ್ಮೂರಿನ ಹೆಸರು ಮಾತ್ರ ಆ ಭಯದಿಂದ ಹೊರಗೆ ಬರಲಿಲ್ಲ. ಇಲ್ಲಿ ಬಂಡವಾಳ ಹಾಕಿ ಎಂದು ಯಾರಿಗೆ ಹೇಳುವುದು? 2004ರಲ್ಲಿ ಆ ಕಾಲ ಮುಗಿಯಿತು. 2011ರ ಬಜೆಟ್ಟಿನಲ್ಲಿ ಹೊರದೇಶದ ಕಚ್ಚಾ ರೇಷ್ಮೆಯ ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದರು. ಚೀನಾ ನೂಲು ಬಂತು, ಗೂಡಿನ ಬೆಲೆ ಬಿತ್ತು. ಆ ವರ್ಷ ಸೊಪ್ಪಿನ ಕಡ್ಡಿ ಬೇರುಸಮೇತ ಕಿತ್ತು ಒಲೆಗೆ ಹಾಕಿದವರನ್ನು ಕಣ್ಣಾರೆ ಕಂಡಿದ್ದೇನೆ. ಕಿತ್ತ ನೆಲದಲ್ಲಿ ಕೋಸು, ಟೊಮೇಟೊ, ಬೀಟ್‌ರೂಟ್ ಬಂದವು. ಕೆಲವು ಕಡೆ ಏನೂ ಬರಲಿಲ್ಲ, ಸುಣ್ಣದ ಕಲ್ಲು ಬಂತು.

ನನ್ನನ್ನು ಹೆಚ್ಚು ಸುಡುವುದು ಇದು: ನಮ್ಮ ಜಿಲ್ಲೆಗೆ ಯಂತ್ರದ ಬಿಚ್ಚಾಣಿಕೆ ಬಂತು, ಘಾಟಿಯ ಕೆಳಗೆ, ಗೋಬಿಚೆಟ್ಟಿಪಾಳ್ಯಕ್ಕೆ. ಮಕ್ಕಳ ಕೈ ಬೇಯದ ಯಂತ್ರ. ಗೋಬಿಯ ರೈತರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ, ಅವರು ದುಡಿದರು, ಕೇಳಿದರು, ಪಡೆದರು. ತಲೆಮಾರುಗಳಿಂದ ಹುಳ ಸಾಕಿದ ನಾವು ಕೇಳಿದ್ದು ಏನು? ರೈಲು. ಚಾಮರಾಜನಗರದಿಂದ ಸತ್ಯಮಂಗಲದ ಮೇಲೆ ಮೆಟ್ಟುಪಾಳ್ಯಕ್ಕೆ ರೈಲು ಬರುತ್ತದೆ, ಬಂದರೆ ಕಾರ್ಖಾನೆ ತಾನಾಗಿ ಬರುತ್ತದೆ ಎಂದು ಕಾದೆವು. ಮಧ್ಯೆ ಆನೆಗಳ ಕಾಡು; ಅರಣ್ಯ ಇಲಾಖೆ ಒಪ್ಪಲಿಲ್ಲ. ಒಪ್ಪದಿದ್ದದ್ದು ಸರಿ ಎಂದೇ ಈಗ ನನಗನ್ನಿಸುತ್ತದೆ. ಆದರೆ ರೈಲಿಗೆ ಕಾಯುತ್ತಾ ಚರಕವನ್ನು ಬಿಟ್ಟೆವು.

2013ರಲ್ಲಿ ಸತ್ಯಮಂಗಲದ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರ ನಿಂತಿತು. ಗಾಡಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು. ನಮ್ಮವರು ಪ್ರತಿಭಟಿಸಿದರು, ತರಕಾರಿ ಕೊಳೆಯುತ್ತದೆ ಎಂದರು. ಅದೂ ಸುಳ್ಳಲ್ಲ. ಆನೆಗಳು ಹೊಲಕ್ಕೆ ಬರುತ್ತವೆ. ಕರುಪ್ಪನ್ ಎಂಬ ಒಂಟಿ ಸಲಗವನ್ನು 2023ರ ಏಪ್ರಿಲ್‌ನಲ್ಲಿ ಕುಮ್ಕಿ ಆನೆಗಳನ್ನು ತಂದು ಹಿಡಿಯುವವರೆಗೆ ಈ ಸುತ್ತಿನವರಿಗೆ ನಿದ್ದೆಯಿರಲಿಲ್ಲ. ಇಂಥ ನೆಲಕ್ಕೆ ಪೆರುಂದುರೈನಂಥ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬರುವುದಿಲ್ಲ, ಬರಲೂಬಾರದು. ಅಲ್ಲಿನ ಬಾವಿಗಳ ನೀರು ಏನಾಯಿತೆಂದು ಆ ಊರಿನವರನ್ನೇ ಕೇಳಿ.

ಹಾಗಾದರೆ ಬಂದದ್ದೇನು? 2016ರಲ್ಲಿ ತಾಳವಾಡಿ ತಾಲ್ಲೂಕಾಯಿತು, ಪಟ್ಟಾ ಕಾಗದಕ್ಕೆ ಘಾಟಿ ಇಳಿಯುವುದು ತಪ್ಪಿತು, ಅದು ನಿಜವಾದ ಉಪಕಾರ. ಬಜಾರಿನಲ್ಲಿ ಹೆಂಚಿನ ಅಂಗಡಿ ಹೋಗಿ ರೋಲಿಂಗ್ ಶಟರಿನ ಕಾಂಪ್ಲೆಕ್ಸ್ ಬಂತು. ಮೊಬೈಲು, ಪೇಂಟು, ಬೇಕರಿ, ಮತ್ತೆ ಮೊಬೈಲು. ಬೀಗ ಹಾಕಿದ ಶಟರುಗಳೂ ಇವೆ. ಸೈಟು ಕೊಂಡವರು ಬೇಸಿಗೆಯಲ್ಲಿ ತಂಪಿಗೆ ಬಂದು, ಎರಡು ದಿನ ಇದ್ದು, ಕಾವಲುಗಾರನಿಗೆ ಬೀಗ ಕೊಟ್ಟು ಹೋಗುತ್ತಾರೆ. ಅವರು ಕೆಟ್ಟವರೆಂದಲ್ಲ. ಆದರೆ ಬೀಗ ಹಾಕಿದ ಮನೆ ಹಾಲು ಕೊಳ್ಳುವುದಿಲ್ಲ, ಮಗುವನ್ನು ಶಾಲೆಗೆ ಕಳಿಸುವುದಿಲ್ಲ, ಮಾರಮ್ಮನ ಕೊಂಡಕ್ಕೆ ಸೌದೆ ಕೊಡುವುದಿಲ್ಲ. ಆ ಮನೆಗಳ ಎದುರಿನ ಹಟ್ಟಿಯ ಹುಡುಗರು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ, ಒಂದು ಕೋಣೆಯಲ್ಲಿ ಆರು ಜನ ಮಲಗುತ್ತಾರೆ. ಅಲ್ಲಿಂದ ಇಲ್ಲಿಗೆ ದುಡ್ಡು ಬಂತು, ಇಲ್ಲಿಂದ ಅಲ್ಲಿಗೆ ಮಕ್ಕಳು ಹೋದರು. ಇದನ್ನು ಬೆಳವಣಿಗೆ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸುವುದು ನನ್ನಿಂದ ಆಗದ ಮಾತು.

ಹುಡುಗನಿಗೆ ಇಷ್ಟೂ ಹೇಳಿದೆ. ಸುಮ್ಮನೆ ಕೇಳಿದ. "ಈಗ ಯಾರು ದೊಡ್ಡಪ್ಪ ಹುಳ ಸಾಕ್ತಾರೆ?" ಎಂದ. ಸಾಕುವವರಿದ್ದಾರೆ, ಅವನಿಗೆ ಕಾಣುತ್ತಿಲ್ಲ. ಈಗ ಬಿಳಿ ಗೂಡು, ಬೈವೋಲ್ಟೈನ್ ತಳಿ. ಹಳದಿ ಗೂಡು ಎಂಟು ಹತ್ತು ಕಿಲೋ ಹಾಕಿದರೆ ಬರುತ್ತಿದ್ದ ಒಂದು ಕಿಲೋ ನೂಲು ಇದರಲ್ಲಿ ಆರೇಳು ಕಿಲೋಗೆ ಬರುತ್ತದೆ. ತಟ್ಟೆ ಹೋಗಿ ಸ್ಟ್ಯಾಂಡು ಬಂದಿದೆ, ಸೊಪ್ಪು ಬಿಡಿಸುವ ಬದಲು ಕಡ್ಡಿಯನ್ನೇ ಹಾಕುತ್ತಾರೆ, ಗಂಡ ಹೆಂಡತಿ ಇಬ್ಬರೇ ಸಾಕು. ಗೂಡು ಬಿಡಿಸಿದ ರಾತ್ರಿಯೇ ವ್ಯಾನಿಗೆ ತುಂಬಿ, ಮೈಸೂರು ದಾಟಿ, ಬೆಳಗ್ಗೆ ಹರಾಜಿನ ಹೊತ್ತಿಗೆ ರಾಮನಗರದಲ್ಲಿರುತ್ತಾರೆ. ಬಾಡಿಗೆ ಅವರದು, ದಾರಿಯಲ್ಲಿ ಬೆವೆತು ತೂಕ ಇಳಿದರೆ ನಷ್ಟ ಅವರದು, ರೇಟು ಕಡಿಮೆಯಾದರೆ ವಾಪಸು ತರುವ ಹಾಗಿಲ್ಲ. ಟವೆಲು ಹೋಗಿದೆ, ಗೂಡು ಕಾಯುವುದಿಲ್ಲವೆಂಬ ಕಷ್ಟ ಹಾಗೇ ಇದೆ.

ಅವನ ಲೇಔಟಿನಲ್ಲಿ ಅಂಗಡಿಗೆಂದು ಬಿಟ್ಟ ಮೂಲೆಯ ಜಾಗ ಇನ್ನೂ ಮಾರಾಟವಾಗಿಲ್ಲ. ಗೂಡು ಒಣಗಿಸುವ ಒಂದು ಯಂತ್ರ, ಒಂದು ಸಣ್ಣ ಬಿಚ್ಚಾಣಿಕೆ ಘಟಕ, ಒಂದು ತೂಕದ ಕಟ್ಟೆ ಅಷ್ಟು ಜಾಗದಲ್ಲಿ ಹಿಡಿಯುತ್ತದೆ. ಒಣಗಿಸಿಟ್ಟರೆ ಚಿಟ್ಟೆ ಬರುವುದಿಲ್ಲ, ರೈತ ಎರಡು ವಾರ ಬೆಲೆಗೆ ಕಾಯಬಹುದು. ಕರೆಂಟಿನಲ್ಲಿ ನಡೆಸಿದರೆ ಹೊಗೆಯಿಲ್ಲ, ಲಾರಿ ರಾತ್ರಿ ಘಾಟಿ ಇಳಿಯಬೇಕಾಗಿಲ್ಲ, ಕಾಡಿನ ಒಂದು ಕಡ್ಡಿಯೂ ಬೇಡ. ಆ ಜಾಗವನ್ನು ರೈತರ ಸಂಘಕ್ಕೆ ಕಡಿಮೆ ಬೆಲೆಗೆ ಬಿಡಿ ಎಂದು ಮಾಲೀಕರನ್ನು ಕೇಳು, ರೇಷ್ಮೆ ಇಲಾಖೆಗೆ ಅರ್ಜಿ ನಾನು ಬರೆದುಕೊಡುತ್ತೇನೆ, ಕನ್ನಡದಲ್ಲೂ ತಮಿಳಿನಲ್ಲೂ, ಎಂದೆ. ಕೇಳಿ ನೋಡುತ್ತೇನೆ ಎಂದು ಹೋಗಿದ್ದಾನೆ. ಅರ್ಜಿ ಬರೆದು ಇಟ್ಟಿದ್ದೇನೆ. ಹುಳ ಸಾಕುವವರ ಸಹಿ ಇನ್ನೂ ಹಾಕಿಸಬೇಕು, ಈ ವಾರ ತಿಗಣಾರೆಯ ಕಡೆಯಿಂದ ಶುರು ಮಾಡುತ್ತೇನೆ.