ಅಜ್ಜಿಯ ಹಟ

ಹಟವೆಂಬುದು ಗಂಡಸಿನಲ್ಲಿದ್ದರೆ ಛಲವೆನಿಸಿಕೊಳ್ಳುತ್ತದೆ. ಹೆಂಗಸಿನಲ್ಲಿದ್ದರೆ ಅದಕ್ಕೆ ಮನೆಮುರುಕತನವೆಂಬ ಹೆಸರು. ನಮ್ಮ ತಾಯಿಯ ತಾಯಿ ಈ ಎರಡನೆಯ ಹೆಸರನ್ನು ಹೊತ್ತು ಬಹುಕಾಲ ಬಾಳಿದವರು. 1906ರಲ್ಲಿ ಹುಟ್ಟಿ 1998ರಲ್ಲಿ ಕಣ್ಣುಮುಚ್ಚಿದ ಅವರು ತಮ್ಮ 92 ವರ್ಷಗಳ ಆಯುಷ್ಯದಲ್ಲಿ 66 ವರ್ಷಗಳನ್ನು ವಿಧವೆಯಾಗಿ ಕಳೆದರು. ಅವರ ಹಟದಿಂದ ಮುರಿದ ಮನೆ ಯಾವುದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಿಂತ ಮನೆಗಳು ಮಾತ್ರ ನನಗೆ ಕಾಣುತ್ತವೆ.

ಮದ್ದೂರು ಸೀಮೆಯ ಒಂದು ಹಳ್ಳಿಗೆ ಅವರು ಹತ್ತನೆಯ ವಯಸ್ಸಿನಲ್ಲಿ ಸೊಸೆಯಾಗಿ ಬಂದರು. 18 ಎಕರೆ ಜಮೀನಿನ ಅವಿಭಕ್ತ ಕುಟುಂಬ. ಮೂವರು ಅಣ್ಣತಮ್ಮಂದಿರಲ್ಲಿ ನಮ್ಮ ಅಜ್ಜನೇ ಕಿರಿಯರು. 1932ರಲ್ಲಿ ವಿಷಮಶೀತಜ್ವರದಿಂದ ಅಜ್ಜ ತೀರಿಕೊಂಡಾಗ ಅಜ್ಜಿಗೆ 26 ವರ್ಷ. ಮಡಿಲಲ್ಲಿ ಇಬ್ಬರು ಹೆಣ್ಣುಮಕ್ಕಳು, ಗಂಡು ಸಂತಾನವಿಲ್ಲ. ಅಂದಿನ ಪದ್ಧತಿಯಂತೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ಅಡಿಗೆಮನೆಗೆ ಸೇರಿಸಿದರು. ಅದಕ್ಕೆ ಅವರು ಎದುರಾಡಲಿಲ್ಲ. “ಕೂದಲು ನನ್ನದು, ಹೋದರೆ ಹೋಗಲಿ. ಮಕ್ಕಳ ಅನ್ನ ನನ್ನದಲ್ಲ. ಅದನ್ನು ಬಿಟ್ಟುಕೊಡಲು ನಾನು ಯಾರು?” ಎಂದು ಎಷ್ಟೋ ವರ್ಷಗಳ ಮೇಲೆ ನಮ್ಮ ತಾಯಿಯೊಡನೆ ಹೇಳಿದರಂತೆ.

1933ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳನ್ನು ಕುರಿತ ಕಾಯಿದೆ ಬಂತು. ಅದಕ್ಕೆ ಮೊದಲು, ಗಂಡುಮಕ್ಕಳಿಲ್ಲದೆ ಸತ್ತವನ ಪಾಲು ಒಟ್ಟುಕುಟುಂಬದ ಉಳಿದ ಗಂಡಸರಲ್ಲಿಯೇ ಸೇರಿಹೋಗುತ್ತಿತ್ತು, ವಿಧವೆಗೆ ಜೀವನಾಂಶವಷ್ಟೆ. ಅಣ್ಣತಮ್ಮಂದಿರು ವಿಭಾಗವಾಗುವಾಗ ಅಂತಹ ವಿಧವೆಗೆ, ಗಂಡನಿದ್ದಿದ್ದರೆ ಅವನಿಗೆ ಬರುತ್ತಿದ್ದ ಪಾಲಿನಲ್ಲಿ ಅರ್ಧ ಸಲ್ಲಬೇಕೆಂದು ಹೊಸ ಕಾಯಿದೆ ವಿಧಿಸಿತು. ಬ್ರಿಟಿಷ್ ಇಂಡಿಯದಲ್ಲಿ ವಿಧವೆಯರಿಗೆ ಆಸ್ತಿಯ ಹಕ್ಕನ್ನು ಕೊಟ್ಟ ಕಾಯಿದೆ ಬಂದುದು 1937ರಲ್ಲಿ. ನಮ್ಮ ಅಜ್ಜಿಗೆ ಈ ಸುದ್ದಿಯನ್ನು ಯಾರೂ ಕರೆದು ಹೇಳಲಿಲ್ಲ. ಊರಿನ ಮೇಷ್ಟರು ಜಗಲಿಯ ಮೇಲೆ ಕುಳಿತು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದಾಗ ಒಳಗಿನಿಂದ ಕೇಳಿಸಿಕೊಂಡರು.

1935ರಲ್ಲಿ ಭಾವಂದಿರಿಬ್ಬರೂ ಪಾಲಿಗೆ ಕುಳಿತರು. ಹಿರಿಯ ಭಾವನವರು ಕೆಟ್ಟವರಲ್ಲ. “ನಿನಗೂ ಮಕ್ಕಳಿಗೂ ವರ್ಷಕ್ಕೆ ಇಷ್ಟು ಭತ್ತ, ಇಷ್ಟು ರಾಗಿಯೆಂದು ಬರೆದುಕೊಡುತ್ತೇವಮ್ಮ, ಯೋಚನೆ ಮಾಡಬೇಡ” ಎಂದರು. ಭಾವನವರ ಎದುರಿಗೆ ನಿಂತು ಮಾತನಾಡುವ ವಾಡಿಕೆ ಇರಲಿಲ್ಲ. ಅಜ್ಜಿ ಅಡಿಗೆಮನೆಯ ಬಾಗಿಲ ಹಿಂದಿನಿಂದ ಓರಗಿತ್ತಿಯ ಮೂಲಕ ಉತ್ತರ ಕಳುಹಿಸಿದರು: “ಅಕ್ಕ, ಭಾವನವರಿಗೆ ಹೇಳಿ. ಕೊಟ್ಟ ಭತ್ತ ಉಂಡರೆ ಮುಗಿಯುತ್ತದೆ. ಪಾಲುಪಟ್ಟಿಯಲ್ಲಿ ನನ್ನ ಹೆಸರು ಬರೆಯಲಿ.”

ಮೂರು ತಿಂಗಳು ಮನೆಯಲ್ಲಿ ಯಾರೂ ಅವರನ್ನು ಮಾತನಾಡಿಸಲಿಲ್ಲ. ಆ ಮೂರು ತಿಂಗಳೂ ಎರಡು ಹೊತ್ತೂ ಎಲ್ಲರ ಎಲೆಗೆ ಬಿದ್ದ ಅನ್ನ ಸಾರು ಅವರ ಕೈಯದೇ. ಉಪ್ಪು ಖಾರ ಒಂದು ದಿನವೂ ತಪ್ಪಲಿಲ್ಲವೆಂದು ಆ ಓರಗಿತ್ತಿಯೇ ಮುಂದೆ ಹೊಗಳುತ್ತಿದ್ದರಂತೆ. ಕೊನೆಗೆ 3 ಎಕರೆ ಬೆದ್ದಲು ಅವರ ಹೆಸರಿಗೆ ಬಂತು. ಕೆಲವು ವರ್ಷಗಳಲ್ಲಿ ಕನ್ನಂಬಾಡಿಯ ಕಾಲುವೆಯ ನೀರು ಅಲ್ಲಿಗೂ ಹಾಯಿತು. ಆಗ ಅದನ್ನು ಇರ್ವಿನ್ ನಾಲೆಯೆನ್ನುತ್ತಿದ್ದರು. ಈಗ ವಿಶ್ವೇಶ್ವರಯ್ಯ ನಾಲೆ. ರಾಗಿಯ ಹೊಲ ಕಬ್ಬಿನ ಗದ್ದೆಯಾಯಿತು. ಕಬ್ಬನ್ನು ಕೊಳ್ಳಲು 1933ರಲ್ಲಿ ಸ್ಥಾಪಿತವಾದ ಮಂಡ್ಯದ ಸಕ್ಕರೆ ಕಂಪನಿಯ ಕಾರ್ಖಾನೆಯಿತ್ತು.

ಜಮೀನನ್ನು ಗುತ್ತಿಗೆಗೆ ಕೊಟ್ಟು ಅಜ್ಜಿ ಮಕ್ಕಳೊಡನೆ ಮೈಸೂರಿಗೆ ಬಂದು, ಅಗ್ರಹಾರದ ಒಂದು ವಠಾರದಲ್ಲಿ ಎರಡು ಕೋಣೆ ಹಿಡಿದರು. ಗುತ್ತಿಗೆಯ ಹಣದಲ್ಲಿಯೇ ಇಬ್ಬರು ಹೆಣ್ಣುಮಕ್ಕಳೂ ಮಹಾರಾಣಿ ಕಾಲೇಜಿನವರೆಗೆ ಓದಿದರು. ವರಗಳ ಜಾತಕ ಹಿಡಿದು ಬಂದ ನೆಂಟರಿಗೆ ಅಜ್ಜಿ ಕಾಫಿ ಕೊಟ್ಟು, “ಪರೀಕ್ಷೆ ಮುಗಿಯಲಿ” ಎಂದು ಕಳುಹಿಸುತ್ತಿದ್ದರು. ಗುರುವಾರ ಒಬ್ಬ ಹುಡುಗ, ಶನಿವಾರ ಇನ್ನೊಬ್ಬ ಹುಡುಗ ವಾರಾನ್ನಕ್ಕೆ ಬರುತ್ತಿದ್ದರು. ಮಡಿಯಲ್ಲಿದ್ದಾಗ ಮೊಮ್ಮಕ್ಕಳಾದ ನಾವು ಸೋಕಿದರೆ ಸಿಡಿಮಿಡಿಗುಟ್ಟುವ ಅಜ್ಜಿ, ವಾರದ ಹುಡುಗ ಬೇಗ ಶಾಲೆಗೆ ಹೋಗಬೇಕೆಂದರೆ ಪೂಜೆಯನ್ನು ಅರ್ಧಕ್ಕೆ ಬಿಟ್ಟೆದ್ದು ಬಡಿಸುತ್ತಿದ್ದರಂತೆ.

ಅವರ ಹಟದ ನಿಜವಾದ ಪರೀಕ್ಷೆ ನಡೆದುದು ಭೂಸುಧಾರಣೆಯ ಕಾಲದಲ್ಲಿ. 1974ರ ಮಾರ್ಚ್ 1ರಿಂದ ಗೇಣಿದಾರರು ಸಾಗುವಳಿ ಮಾಡುತ್ತಿದ್ದ ಜಮೀನು ಸರ್ಕಾರಕ್ಕೆ ಸೇರಿ, ಅರ್ಜಿ ಹಾಕಿಕೊಂಡ ಗೇಣಿದಾರನಿಗೆ ಹಕ್ಕು ದೊರೆಯುವಂತಾಯಿತು. ನಮ್ಮ ಗುತ್ತಿಗೆದಾರನ ಮಗನೂ ಅರ್ಜಿ ಹಾಕಿದ. “ಕೂಲಿಯಾಳುಗಳಿಂದ ನಾನೇ ಬೇಸಾಯ ಮಾಡಿಸುತ್ತಿದ್ದೆನೆಂದು ಹೇಳಿಬಿಡಿ; ಸಾಕ್ಷಿಗಳನ್ನು ನಾವು ನೋಡಿಕೊಳ್ಳುತ್ತೇವೆ” ಎಂದು ಬಂಧುಗಳು ಒತ್ತಾಯಿಸಿದರು. ಅಜ್ಜಿಗೆ ಆಗ 68 ವರ್ಷ. ಆ ಮೂರು ಎಕರೆಯ ಹೊರತು ಬೇರೆ ಆಧಾರವಿರಲಿಲ್ಲ. ಒಂದು ರಾತ್ರಿಯೆಲ್ಲ ಮಲಗದೆ ಕುಳಿತಿದ್ದರು. ಬೆಳಗಾದ ಮೇಲೆ ಹೇಳಿದರು: “ಅವನ ಅಪ್ಪನೂ ಅವನೂ ನಲವತ್ತು ವರ್ಷ ಉತ್ತಿದ್ದಾರೆ. ಪಟ್ಟಿಯಲ್ಲಿ ನನ್ನ ಹೆಸರು ಬೇಕೆಂದು ಅತ್ತವಳು ನಾನು. ಅವನ ಹೆಸರು ಬೇಡವೆನ್ನಲೆ?” ಬಸ್ಸಿನಲ್ಲಿ ಹೋಗಿ ಭೂನ್ಯಾಯಮಂಡಲಿಯ ಮುಂದೆ ಇದ್ದುದನ್ನು ಇದ್ದಂತೆ ಹೇಳಿ ಬಂದರು.

ಅದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಬಂದ ಪರಿಹಾರ ಅಲ್ಪ. ಅಳಿಯನ ಮನೆಯಲ್ಲಿ ಇರಲಾರೆನೆಂದು ಅದುವರೆಗೆ ಸಾಧಿಸಿಕೊಂಡು ಬಂದಿದ್ದವರು ವಠಾರವನ್ನು ಬಿಟ್ಟು ನಮ್ಮಲ್ಲಿಗೆ ಬರಬೇಕಾಯಿತು. ಮೊದಲ ಕೆಲವು ತಿಂಗಳು ನಮ್ಮ ತಂದೆ ಉಂಡೆದ್ದ ಮೇಲೆಯೇ, ಉಳಿದುದರಲ್ಲಿ ಒಂದು ಹೊತ್ತು ಮಾತ್ರ ಉಣ್ಣುತ್ತಿದ್ದರು. “ನಿಮ್ಮ ಮನೆಯಲ್ಲಿಯೇ ನಾವಿದ್ದೇವೆಂದು ತಿಳಿಯಿರಿ, ಅತ್ತೆ” ಎಂದು ತಂದೆ ಹೇಳಿದಾಗ ಅವರ ಕಣ್ಣು ತುಂಬಿದುದನ್ನು ನಾನು ಕಂಡೆ. ಅತ್ತುದನ್ನು ಕಂಡುದು ಅದೊಂದೇ ಸಲ. ಪ್ರತಿ ಸಂಕ್ರಾಂತಿಗೂ ಆ ರೈತ ಕಬ್ಬಿನ ಕಟ್ಟು ಹೊತ್ತು ಬಂದು, “ಅಮ್ಮಾವ್ರೆ, ನಿಮ್ಮ ಗದ್ದೇದು” ಎಂದು ಇಳಿಸುತ್ತಿದ್ದ. “ನಿನ್ನ ಗದ್ದೆಯದಪ್ಪ” ಎಂದು ಅವರು ತಿದ್ದುತ್ತಿದ್ದರು.

1994ರಲ್ಲಿ ಕರ್ನಾಟಕದಲ್ಲಿ, ಅದುವರೆಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಂತೆಯೇ ಹುಟ್ಟಿನಿಂದ ಹಕ್ಕು ಬಂದಾಗ, ಆ ಸುದ್ದಿಯನ್ನು ನಾನೇ ಅವರಿಗೆ ಓದಿ ಹೇಳಿದೆ. ಕಣ್ಣು ಮಂಜಾಗಿತ್ತು, ಕಿವಿ ಚೆನ್ನಾಗಿತ್ತು.

“ಅರ್ಧವೋ, ಪೂರ್ತಿಯೋ?” ಎಂದು ಕೇಳಿದರು.

“ಪೂರ್ತಿ, ಅಜ್ಜಿ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಇನ್ನೊಂದು ಸಲ ಓದು” ಎಂದರು.